ನಿಲ್ಲುವ ಗುರುತು

"ಇನ್ನು ಒಂದೇ ಒಂದು ಹೆಜ್ಜೆ. ಅದಕ್ಕೂ ಯಾರ ಅಪ್ಪಣೆ ಬೇಕು?"

ಸುಕನ್ಯ ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಕೇಳಿಸಿಕೊಳ್ಳುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ಬಚ್ಚಲುಮನೆಯಿಂದ ನಡುಮನೆಗೆ ಬರುವ ಬಾಗಿಲಿನಲ್ಲಿ ಎಡಗೈಯಿಂದ ಚೌಕಟ್ಟು ಹಿಡಿದು ಅವಳು ನಿಂತು ಐದು ನಿಮಿಷವಾಗಿತ್ತು. ಮೈ ಮುಂದಕ್ಕೆ ಬಾಗಿ ಹೊರಟಿತ್ತು. ಮನಸ್ಸು ಆಗಲೇ ದೇವರ ಮುಂದಿನ ಮಣೆಯ ಮೇಲೆ ಹೋಗಿ ಕೂತಿತ್ತು. ಪಾದಗಳು ಮಾತ್ರ ಹಲಸಿನ ಅಂಟು ಮೆತ್ತಿದ ಹಾಗೆ ನೆಲಕ್ಕೆ ಕಚ್ಚಿಕೊಂಡಿದ್ದವು. ನೋವಿಲ್ಲ, ಜೋಮಿಲ್ಲ. ಕಾಲಿಗೆ ಹೇಳಿ ಕಳಿಸಿದ ಮಾತು ನಡುದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿತ್ತು, ಅಷ್ಟೆ.

ಗೇಟಿನ ಚಿಲಕ ಸದ್ದು ಮಾಡಿತು. ಜಟ್ಟೆಮ್ಮ ಒಳಗೆ ಬಂದವಳೇ ಚೀಲವನ್ನು ಕುರ್ಚಿಯ ಮೇಲೆ ಎಸೆದಳು.

"ಮತ್ತ ನಿಂತೀರೇನ್ರಿ ಅಕ್ಕಾರ?"

"ನಿಂತಿದೀನಿ ಕಣೆ. ನಾಮಪತ್ರ ಹಾಕೋದೊಂದು ಬಾಕಿ."

ಜಟ್ಟೆಮ್ಮ ನಗುತ್ತಲೇ ಗೋಡೆಯ ಗೂಡಿನಿಂದ ರಂಗೋಲಿಯ ಕರಟ ತೆಗೆದು, ಸುಕನ್ಯಳ ಕಾಲ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಎರಡು ಚಿಟಿಕೆ ಪುಡಿಯಲ್ಲಿ ಹೊಸ್ತಿಲ ಉದ್ದಕ್ಕೂ ಒಂದು ಗೆರೆ ಎಳೆದಳು. ಗೆರೆ ಸೊಟ್ಟಗಿತ್ತು, ಒಂದು ಕಡೆ ದಪ್ಪ, ಒಂದು ಕಡೆ ತೆಳು.

"ಹೂಂ, ಎತ್ರಿ ಕಾಲು. ಲಕ್ಷ್ಮಿ ಅದಾಳ ಅಲ್ಲಿ, ತುಳದೀರಿ ಮತ್ತ!"

ಸುಕನ್ಯಳ ಬಲಗಾಲು ಎದ್ದಿತು. ಗೆರೆಗೆ ತಾಕದ ಹಾಗೆ ಎತ್ತರಕ್ಕೆ ಎದ್ದು ಆಚೆಗೆ ಹೋಗಿ ಊರಿತು. ಹಿಂದೆಯೇ ಎಡಗಾಲು.

ಈ ಉಪಾಯವನ್ನು ಅವರಿಬ್ಬರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹೋದ ವರ್ಷ ಒಂದು ಶುಕ್ರವಾರ ದೇವರ ಮನೆಯ ಬಾಗಿಲಲ್ಲಿ ಸುಕನ್ಯ ಹೀಗೇ ನಿಂತುಬಿಟ್ಟಿದ್ದಾಗ, ಹೊಸ್ತಿಲಿಗೆ ಜಟ್ಟೆಮ್ಮ ಹಾಕಿದ್ದ ಎಳೆ ಕಣ್ಣಿಗೆ ಬಿತ್ತು. ರಂಗೋಲಿ ತುಳಿಯಬಾರದು ಎಂಬುದು ಕಾಲಿಗೆ ಅರವತ್ತು ವರ್ಷದ ಅಭ್ಯಾಸ. ಅದು ತಾನಾಗಿ ಎದ್ದು ದಾಟಿಬಿಟ್ಟಿತು. ಇದನ್ನು ಕೇಳಿ, ಅವಳನ್ನು ನೋಡುತ್ತಿದ್ದ ಡಾಕ್ಟರ್ ಆದಿಲ್ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕಿ ಮೂರು ಸಲ ನಡೆಸಿ ನೋಡಿ, "ಅಮ್ಮಾ, ಇದನ್ನ ನಾವು ಪುಸ್ತಕದಲ್ಲಿ ಓದಿ ತಿಳ್ಕೊಂಡೋರು. ನೀವು ಮನೇಲೇ ಕಂಡುಹಿಡಿದಿದೀರಿ" ಎಂದಿದ್ದರು. ಯಾಕೆ ಹೀಗಾಗುತ್ತದೆ ಎಂದು ಕೇಳಿದ್ದಕ್ಕೆ, "ಪೂರ್ತಿ ಗೊತ್ತಿಲ್ಲಮ್ಮ. ಗೊತ್ತು ಮಾಡ್ಕೋಬೇಕು" ಎಂದಿದ್ದರು. ಸುಕನ್ಯಳಿಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ 'ಗೊತ್ತಿಲ್ಲ'ದಿಂದಲೇ.

ಜಟ್ಟೆಮ್ಮ ಕಲಬುರಗಿ ಕಡೆಯವಳು. ಗಂಡ ದತ್ತುವಿನ ಜೊತೆ ತಿಪ್ಪಸಂದ್ರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದಳು. ಮೂರು ವರ್ಷದಿಂದ ಜೀವನ್ ಬಿಮಾ ನಗರದ ಈ ಮನೆಗೆ ಬೆಳಿಗ್ಗೆ ಬಂದರೆ ಸಂಜೆ ಏಳರ ಮಾತ್ರೆ ಕೊಟ್ಟು ಹೋಗುವಳು. ಮಾತ್ರೆಯ ಡಬ್ಬಿ ಅವಳ ಸೊಂಟದ ಗಂಟಿನಲ್ಲೇ ಇರುತ್ತಿತ್ತು. ಏಳಕ್ಕೆ, ಹನ್ನೊಂದಕ್ಕೆ, ಮೂರಕ್ಕೆ, ಮತ್ತೆ ಏಳಕ್ಕೆ.

ಮಾತ್ರೆ ಎಂದಾಗಲೆಲ್ಲ ಸುಕನ್ಯಳಿಗೆ ಅಪ್ಪನ ನೆನಪು. ಕೊಡಿಹಳ್ಳಿಯ ಮುನಿನಾರಾಯಣಪ್ಪ ಹಗಲೆಲ್ಲ ಸೊಪ್ಪಿನ ಮಡಿಗೆ ನೀರು ಕಟ್ಟಿ, ಸಂಜೆ ಆಂಜನೇಯನ ಗುಡಿಯ ಜಗಲಿಯಲ್ಲಿ ಷಟ್ಪದಿ ಓದಲು ಕೂರುತ್ತಿದ್ದ. ಮಗಳು ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಅವನು ತೊಡೆಯ ಮೇಲೆ ತಟ್ಟಿ ತೋರಿಸುವನು: "ಮೂರು ಮಾತ್ರೆ, ನಾಲ್ಕು ಮಾತ್ರೆ. ಮೂರು, ನಾಲ್ಕು. ಇದು ಭಾಮಿನಿ ನಡೆ ಕಣಮ್ಮಿ. ಕುಂಟ್ದಂಗೆ ಕೇಳ್ತದೆ, ಆದ್ರೆ ಎಲ್ಲೂ ನಿಲ್ಲಾಕಿಲ್ಲ." ಈಗ ಬಯಲು ನೆಲದಲ್ಲಿ ನಡೆಯುವಾಗ ಸುಕನ್ಯ ಅದನ್ನೇ ಒಳಗೊಳಗೇ ತಟ್ಟಿಕೊಳ್ಳುತ್ತಾಳೆ. ಮೂರಕ್ಕೆ ಒಂದು ಹೆಜ್ಜೆ, ನಾಲ್ಕಕ್ಕೆ ಇನ್ನೊಂದು. ಬಾಗಿಲು ಬರುವವರೆಗೆ ಅದು ನಡೆಸುತ್ತದೆ. ಬಾಗಿಲಲ್ಲಿ ಮಾತ್ರ ಜಟ್ಟೆಮ್ಮನ ಸೊಟ್ಟ ಗೆರೆ ಬೇಕು.

ಆ ಗೆರೆಯನ್ನು ಎಳೆಸಿಕೊಳ್ಳುತ್ತಿರುವವಳು ಯಾರು ಎಂದು ನೆನೆದರೆ ಸುಕನ್ಯಳಿಗೇ ನಗು ಬರುತ್ತಿತ್ತು. ಹನ್ನೊಂದು ವರ್ಷ, ಬೆಳಿಗ್ಗೆ ಆರೂವರೆಗೆ, ಟೀವಿಯಲ್ಲಿ ಹತ್ತು ನಿಮಿಷ ರಂಗೋಲಿ ಹಾಕಿದವಳು ಅವಳು. ಕ್ಯಾಮೆರಾ ತೋರಿಸುತ್ತಿದ್ದುದು ಸಾರಿಸಿದ ನೆಲ, ಮೊಣಕೈವರೆಗಿನ ಕೈ, ಎರಡು ಹಸಿರು ಬಳೆ. ಮುಖ ಕಾಣಿಸುತ್ತಿದ್ದುದು ಶುಕ್ರವಾರ ಮಾತ್ರ, ಕೊನೆಯ ನಮಸ್ಕಾರಕ್ಕೆ. ಹಾಗಾಗಿ ಹಲಸೂರು ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಿದ್ದರೆ ಪಕ್ಕದ ಹೆಂಗಸು ಕೈ ನೋಡಿ ಗುರುತು ಹಿಡಿಯುವಳು. "ಚುಕ್ಕಿ ಇಟ್ಟ ಮೇಲೆ ಎಳೆ ಮುಗಿಸದೆ ಏಳಬಾರದು" ಎಂದು ಪ್ರತಿದಿನ ಹೇಳುತ್ತಿದ್ದ ಮಾತನ್ನು ಅವಳ ದನಿಯಲ್ಲೇ ಹೇಳಿ ತೋರಿಸುವಳು.

ಕಾಯಿಲೆ ಮೊದಲು ಬಂದದ್ದೂ ಆ ಕೈಗೇ. ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉಜ್ಜುತ್ತಿತ್ತು, ಪುಡಿ ಬಿಡುವಾಗ ಉಜ್ಜುವ ಹಾಗೆಯೇ. ಬಸ್ಸಿನಲ್ಲಿರಲಿ, ಮದುವೆಯ ಪಂಕ್ತಿಯಲ್ಲಿರಲಿ, ಮಡಿಲಲ್ಲಿ ಬಿದ್ದ ಬಲಗೈ ಕಾಣದ ಪುಡಿಯನ್ನು ಬಿಡುತ್ತಲೇ ಇರುತ್ತಿತ್ತು. ಆಗಿನ್ನೂ ಇದ್ದ ಗಂಡ, "ನಿದ್ದೇಲೂ ಡ್ಯೂಟಿನೇ ನಿಂದು" ಎಂದು ತಮಾಷೆ ಮಾಡಿದ್ದರು. ಅವಳೂ ಅಭ್ಯಾಸಬಲ ಎಂದುಕೊಂಡು ಒಂದೂವರೆ ವರ್ಷ ಕಳೆದಿದ್ದಳು. ಪಾರ್ಕಿನ್ಸನ್ಸ್ ಎಂಬ ಹೆಸರನ್ನು ಡಾಕ್ಟರು ಹೇಳಿದ ದಿನ ಅವಳಿಗೆ ಮೊದಲು ಆದದ್ದು ಭಯವಲ್ಲ, ನಾಚಿಕೆ. ನನ್ನ ಕೈಯನ್ನು ನಾನೇ ಗುರುತಿಸಲಿಲ್ಲವಲ್ಲ ಎಂದು.

ಏಳರ ಮಾತ್ರೆ ಹಿಡಿದು ಮೈ ಸಡಿಲವಾಗುವ ಹೊತ್ತಿಗೆ ಗೇಟಿನಲ್ಲಿ ಮುನಿವೆಂಕಟಮ್ಮನ ದನಿ ಕೇಳಿತು. ಮೂವತ್ತು ವರ್ಷದಿಂದ ಹೂವು ಕೊಡುವ ಮುದುಕಿ. ಒಂದು ಮೊಳ ಕನಕಾಂಬರ ಅಳೆದು ಕೊಟ್ಟ ಮೇಲೂ ಹೋಗದೆ ಬುಟ್ಟಿಯ ಸಿಂಬಿಯನ್ನು ಸರಿಮಾಡುತ್ತ ನಿಂತಳು.

"ನಾನು ಕೇಳ್ದೆ ಅಂತ ಬೇಜಾರ್ ಮಾಡ್ಕಬ್ಯಾಡ ಕಣವ್ವ. ನಿಂಗೆ ಕಾಯ್ಲೆ... ನಿಜ್ವಾಗ್ಲೂ ಐತಾ?"

ಸುಕನ್ಯ ಹೂವು ಹಿಡಿದ ಕೈಯನ್ನು ನೋಡಿಕೊಂಡಳು. ಮಾತ್ರೆಯ ದಯದಿಂದ ಕೈ ಕಲ್ಲಿನ ಹಾಗೆ ಅಲುಗದೆ ಇತ್ತು. ಕಾಯಿಲೆ ಬಂದಂದಿನಿಂದ ಮೊದಲ ಸಲ, ಇದು ಈಗ ನಡುಗಬಾರದೇ ಎನ್ನಿಸಿತು.

ಮುನಿವೆಂಕಟಮ್ಮನದೇನೂ ತಪ್ಪಿರಲಿಲ್ಲ. ನಾಲ್ಕು ದಿನದಿಂದ ಊರೆಲ್ಲ ಅದೇ ಮಾತಾಡುತ್ತಿತ್ತು. ಕೊಡಿಹಳ್ಳಿಯ ಪ್ರೇಮ್‌ಕುಮಾರ್ ಉಪಚುನಾವಣೆಗೆ ನಿಂತಿದ್ದ. ಚಿಕ್ಕವನಿದ್ದಾಗ ಸಂಕ್ರಾಂತಿಯ ರಂಗೋಲಿಯ ಮೇಲೆ ಸೈಕಲ್ ಓಡಿಸಿ ಸುಕನ್ಯಳ ಕೈಯಲ್ಲಿ ಕಿವಿ ಹಿಂಡಿಸಿಕೊಂಡಿದ್ದವನು. ಈಗ ಶಾಲು, ಹಣ್ಣು ಹಿಡಿದು ಬಂದು, "ಅತ್ತೆ, ಕೆ.ಆರ್. ಪುರದ ಕಡೆ ಸರ್ಕಾರಿ ಜಾಗ ಖಾಲಿ ಬಿದ್ದದೆ. ಗೆದ್ರೆ ನಿಮ್ಮ ಕಾಯಿಲೆಗೆ ಒಂದು ಸಂಶೋಧನಾ ಕೇಂದ್ರ ಮಾಡಿಸ್ತೀನಿ. ಪ್ರಣಾಳಿಕೇಲೇ ಹಾಕಿದೀನಿ, ನೋಡಿ. ನೀವು ಒಂದು ಮಾತು ಹೇಳಿದ್ರೆ ಹೆಂಗಸರು ಕೇಳ್ತಾರೆ" ಎಂದಿದ್ದ. ಸುಕನ್ಯಳ ಕಣ್ಣ ಮುಂದೆ ಬಂದದ್ದು ಡಾಕ್ಟರ್ ಆದಿಲ್ ಅವರ ವಿಭಾಗಕ್ಕಿದ್ದ ಎರಡೇ ಕೋಣೆ. ಒಂದರಲ್ಲಿ ಆಸ್ಪತ್ರೆಯ ಮುರಿದ ಮಂಚಗಳನ್ನು ಪೇರಿಸಿಟ್ಟಿದ್ದರು. ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದ ಮಾರತ್ತಹಳ್ಳಿಯ ಆಟೋದವನೂ ನೆನಪಾದ. ಇನ್ನೂ ಮೂವತ್ತಾರು ವರ್ಷ, ಆಗಲೇ ಹ್ಯಾಂಡಲ್ ಹಿಡಿಯಲಾರ. ಅವಳು ಹೂಂ ಎಂದಳು.

ಜೋಗುಪಾಳ್ಯದ ಕಲ್ಯಾಣ ಮಂಟಪದಲ್ಲಿ ಸಭೆ. ಹನ್ನೊಂದರ ಮಾತ್ರೆ ಚೆನ್ನಾಗಿ ಹಿಡಿದಿತ್ತು. ವೇದಿಕೆಯ ಮೇಲೆ ಹಲಗೆ ಹಾಕಿಸಿ ಸುಕನ್ಯ ಒಂಬತ್ತು ಚುಕ್ಕಿಯ ರಂಗೋಲಿ ಬಿಟ್ಟಳು. ಒಂದು ಎಳೆಯೂ ತಪ್ಪಲಿಲ್ಲ. ಹೆಂಗಸರು ಶಿಳ್ಳೆ ಹಾಕಿದರು. ಆಮೇಲೆ ಮೈಕಿನಲ್ಲಿ, ಕುಗ್ಗಿದ ದನಿಯಲ್ಲಿ, ನನಗೆ ಹೀಗೊಂದು ಕಾಯಿಲೆ ಇದೆ, ಇದಕ್ಕೊಂದು ಕೇಂದ್ರ ಬೇಕು ಎಂದಳು. ಮರುದಿನ ಟೀವಿಯ ಚರ್ಚೆಯಲ್ಲಿ ಎದುರು ಪಕ್ಷದ ವಕ್ತಾರ ಅದೇ ವಿಡಿಯೋ ಹಾಕಿಸಿ ತೊಡೆ ತಟ್ಟಿ ನಕ್ಕ. "ಎಲ್ರೀ ನಡುಕ? ಗೆರೆ ನೋಡಿ ಸ್ವಾಮಿ, ಸ್ಕೇಲ್ ಇಟ್ಟು ಎಳೆದಂಗಿದೆ! ಇದು ನರರೋಗ ಅಲ್ಲ, ಚುನಾವಣಾ ರೋಗ. ರಿಸಲ್ಟ್ ದಿನ ವಾಸಿಯಾಗುತ್ತೆ." ಆ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿ, ಕೊನೆಗೆ ಹೂವಿನ ಬುಟ್ಟಿಯ ಜೊತೆ ಅವಳ ಗೇಟಿಗೇ ಬಂದು ನಿಂತಿತ್ತು.

"ಇದೆ ಮುನಿವೆಂಕಟಮ್ಮ. ನಿಜವಾಗ್ಲೂ ಇದೆ."

"ಐತೆ ಅಂದ್ರೆ ಐತೆ ಬುಡು," ಎಂದು ಮುದುಕಿ ಬುಟ್ಟಿ ಎತ್ತಿಕೊಂಡಳು. ಆದರೆ ಹೋಗುವಾಗ ಇನ್ನೊಮ್ಮೆ ತಿರುಗಿ ಆ ಕೈಯನ್ನು ನೋಡಿದಳು.

ಅದೇ ದಿನ ಮಧ್ಯಾಹ್ನ ನಿಖಿತಾ ಬಂದಳು. ಪ್ರೇಮ್‌ಕುಮಾರನ ಪ್ರಚಾರದ ವಿಡಿಯೋಗಳನ್ನೆಲ್ಲ ಮಾಡುವವಳು. ಇಂದಿರಾನಗರದ ಹಳೆಯ ಬಂಗಲೆಯೊಂದರಲ್ಲಿ ಅವಳ ಆಫೀಸು. ಚಪ್ಪಲಿ ಹೊರಗೆ ಬಿಟ್ಟು, ಸುಕನ್ಯಳ ಕಾಲ ಬಳಿ ನೆಲದ ಮೇಲೇ ಕೂತಳು.

"ಅಮ್ಮಾ, ನಾನು ಸ್ಕೂಲಿಗೆ ಹೋಗುವಾಗ ನಮ್ಮಮ್ಮ ನಿಮ್ಮನ್ನ ನೋಡ್ಕೊಂಡೇ ನಂಗೆ ಜಡೆ ಹಾಕೋರು. ನಿಮ್ಮ ರಂಗೋಲಿ ಮುಗೀತು ಅಂದ್ರೆ ನನ್ನ ಜಡೆ ಮುಗೀತು. ಅವತ್ತು ಆ ವಕ್ತಾರ ನಗ್ತಿದ್ದಾಗ ನಂಗೆ ಟೀವಿ ಒಡೆದು ಹಾಕೋಣ ಅನ್ನಿಸ್ತು."

"ಟೀವಿ ಏನು ಮಾಡ್ತು, ಬಿಡಮ್ಮ."

"ಒಂದೇ ಒಂದು ವಿಡಿಯೋ ಮಾಡೋಣ. ಬೆಳಿಗ್ಗೆ ಮಾತ್ರೆ ತಗೊಳ್ಳೋ ಮುಂಚೆ ನೀವು ಹೇಗಿರ್ತೀರೋ ಹಾಗೆ. ಮೇಕಪ್ ಬೇಡ, ಡೈಲಾಗ್ ಬೇಡ. ದೇವರ ಮನೆ ಬಾಗಿಲಿಗೆ ಬರ್ತೀರ, ಅಲ್ಲಿ ನಿಂತುಬಿಡ್ತೀರ. ಒಂದೂವರೆ ನಿಮಿಷ. ಅಷ್ಟೇ. ಆಮೇಲೆ ಯಾರು ಬಾಯಿ ತೆಗೀತಾರೆ ನೋಡೋಣ."

ಅಡುಗೆಮನೆಯಲ್ಲಿ ಲೋಟ ತೊಳೆಯುವ ಸದ್ದು ನಿಂತಿತು. "ಗುರುವಾರ ಬಾ" ಎಂದಳು ಸುಕನ್ಯ.

ಸಂಜೆ ಜಟ್ಟೆಮ್ಮ ಅವಳ ಪಾದಕ್ಕೆ ಎಳ್ಳೆಣ್ಣೆ ತಿಕ್ಕುವಾಗ ದಿನಕ್ಕಿಂತ ಬಲವಾಗಿ ತಿಕ್ಕಿದಳು.

"ಕಾಲಿನ ಮೇಲೆ ಯಾಕೆ ಸಿಟ್ಟು ತೋರಿಸ್ತೀಯ? ಮಾತಾಡು."

"ನಾ ಏನ್ ಮಾತಾಡ್ಲಿ? ಗುಳಗಿ ಕೊಡೂದು ನನ್ನ ಕೆಲಸ. ಬಚ್ಚಿಟಗೊಳ್ಳೂದಲ್ಲ."

"ಎರಡು ಗಂಟೆ ತಡ ಆದ್ರೆ ಏನೂ ಆಗಲ್ಲ ಅಂತ ಡಾಕ್ಟರೇ ಹೇಳಿದಾರೆ."

"ಯಾಕ ತಡ ಮಾಡ್ಲಿಕತ್ತೀರಿ ಅಂತ ಅವ್ರು ಕೇಳ್ಲಿಲ್ಲೇನು?"

ಕೇಳಿದ್ದರು. ಸುಕನ್ಯ ಫೋನು ಇಟ್ಟುಬಿಟ್ಟಿದ್ದಳು. ಅದನ್ನು ಹೇಳದೆ, "ಜನ ನಂಬಬೇಕಲ್ಲೇ" ಎಂದಳು.

"ಯಾವ ಜನಾರೀ? ನಾ ನಂಬೀನಿ. ಆ ದೇವ್ರು ನಂಬ್ಯಾನ. ಮತ್ತ ಯಾರು ಉಳದ್ರು?"

"ಮುನಿವೆಂಕಟಮ್ಮ ಉಳಿದಳು."

ಜಟ್ಟೆಮ್ಮನ ಕೈ ನಿಂತಿತು. ಅವಳು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಿಕ್ಕತೊಡಗಿದಾಗ ಕೈ ಮೆತ್ತಗಾಗಿತ್ತು.

ಗುರುವಾರ ಏಳು ಗಂಟೆಗೆ ನಿಖಿತಾ ಬಂದಳು. ಜೊತೆಗೆ ಕ್ಯಾಮೆರಾದ ಲಿಖಿತ್, ಕಿವಿಗೆ ಕಡುಕು ಹಾಕಿದ್ದ ಸಣಕಲ ಗಡ್ಡದವನು. ನಡುಮನೆಯ ಕುರ್ಚಿಗಳನ್ನು ಸರಿಸಿ ಶೂಟಿಂಗಿನ ದೀಪ ನಿಲ್ಲಿಸಿದರು. ಹೊಸ್ತಿಲ ಮೇಲಿನ ನಿನ್ನೆಯ ರಂಗೋಲಿಯನ್ನು ಒರೆಸಲು ಹೇಳಿದರು. ಜಟ್ಟೆಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮಾತ್ರೆಯ ಡಬ್ಬಿ ಸೊಂಟದಲ್ಲೇ ಇತ್ತು.

ಏಳೂವರೆ, ಎಂಟು. ಕುರ್ಚಿಯಲ್ಲಿ ಕೂತ ಸುಕನ್ಯಳ ಮೈಯಿಂದ ಬಲ ನಿಧಾನವಾಗಿ ಇಳಿಯಿತು, ಬೇಸಿಗೆಯ ಬಾವಿಯಲ್ಲಿ ನೀರು ಇಳಿದ ಹಾಗೆ. ಮುಖ ಬಿಗಿಯಿತು. ಬಲಗೈ ಮಡಿಲಲ್ಲಿ ತನ್ನ ಕೆಲಸ ಶುರುಮಾಡಿತು. ದೂರದಿಂದ ಅದನ್ನೇ ನೋಡುತ್ತಿದ್ದ ಲಿಖಿತ್ ಕಣ್ಣು ಬೇರೆ ಕಡೆಗೆ ಹೊರಳಿಸಿದ. ಆಮೇಲೆ ಬಂದು ದೇವರ ಮನೆಯ ಹೊಸ್ತಿಲ ಮುಂದೆ, ಅಡ್ಡಕ್ಕೆ, ಬಿಳಿಯ ಟೇಪು ಅಂಟಿಸಿದ.

"ಅಮ್ಮಾ, ಇದು ನಿಮ್ಮ ಮಾರ್ಕು. ನೀವು ನಿಲ್ಲೋ ಗುರುತು. ಇಲ್ಲಿಗೆ ಬಂದು ನಿಂತ್ರೆ ಫೋಕಸ್ ಸರಿಯಾಗಿರುತ್ತೆ."

ಹೇಳುವುದಕ್ಕೆ ಸುಕನ್ಯ ಬಾಯಿ ತೆರೆಯುವಷ್ಟರಲ್ಲಿ ಅವನು ಕ್ಯಾಮೆರಾದ ಹಿಂದೆ ಹೋಗಿದ್ದ. "ಬನ್ನಿ ಅಮ್ಮಾ, ನಿಧಾನಕ್ಕೆ" ಎಂದಳು ನಿಖಿತಾ.

ಮೂರು, ನಾಲ್ಕು. ಮೂರು, ನಾಲ್ಕು. ಪಾದಗಳು ನೆಲವನ್ನು ಉಜ್ಜುತ್ತ ಹೊರಟವು. ಎಂಟು ಅಡಿಯ ದಾರಿ ಎಂಟು ಹೊಲದಷ್ಟಿತ್ತು. ಬಾಗಿಲು ಹತ್ತಿರವಾಯಿತು. ಇನ್ನು ಕಚ್ಚಿಕೊಳ್ಳುತ್ತದೆ ಎಂದು ಸುಕನ್ಯ ಉಸಿರು ಹಿಡಿದಳು. ನೆಲದ ಮೇಲೆ ಬೆಳ್ಳಗೆ, ನೇರವಾಗಿ, ಒಂದು ಗೆರೆ ಇತ್ತು.

ಬಲಗಾಲು ಎದ್ದಿತು. ಟೇಪನ್ನು ದಾಟಿ, ಅದೇ ಹುರುಪಿನಲ್ಲಿ ಹೊಸ್ತಿಲನ್ನೂ ದಾಟಿ, ಸುಕನ್ಯ ದೇವರ ಮನೆಯ ಒಳಗೆ ಹೋಗಿ ನಿಂತಳು.

ಅಡುಗೆಮನೆಯ ಬಾಗಿಲಲ್ಲಿ ಜಟ್ಟೆಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಸಿದು ಕೂತಳು. ಅವಳ ಹೆಗಲು ಕುಣಿಯುತ್ತಿತ್ತು.

"ಕಟ್... ಅಮ್ಮಾ, ಅಲ್ಲಿ ನಿಲ್ಲಬೇಕಿತ್ತು," ಎಂದಳು ನಿಖಿತಾ ಕಂಗಾಲಾಗಿ.

"ಗೆರೆ ಹಾಕಿ ನಿಲ್ಲು ಅಂದ್ರೆ ನಾನೇನು ಮಾಡ್ಲಿ?" ಸುಕನ್ಯಳ ಬಿಗಿದ ಮುಖದಲ್ಲಿ ನಗು ಮೂಡುವುದಕ್ಕೆ ಹೊತ್ತು ಹಿಡಿಯಿತು, ಆದರೆ ಮೂಡಿತು.

ಜಟ್ಟೆಮ್ಮ ಕಣ್ಣೊರೆಸಿಕೊಳ್ಳುತ್ತ ಗೆರೆಯ ಕತೆಯನ್ನೆಲ್ಲ ಹೇಳಿದಳು. ಲಿಖಿತ್ ಟೇಪನ್ನು ಒಂದು ತುದಿಯಿಂದ ಮೆಲ್ಲಗೆ ಕಿತ್ತ. ಕಿತ್ತದ್ದನ್ನು ಮುದುರಿ ಎಸೆಯದೆ ಬೆರಳಿಗೆ ಸುತ್ತಿಕೊಂಡು, "ಎಂಥಾ ಕತೆ ಗುರು ಇದು! ಗೆರೆ ಕಂಡ್ರೆ ನಾವು ನಿಲ್ತೀವಿ, ಅಮ್ಮ ಹೊರಡ್ತಾರೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಎರಡನೆಯ ಸಲ ನೆಲದ ಮೇಲೆ ಏನೂ ಇರಲಿಲ್ಲ. ಸುಕನ್ಯ ಬಂದಳು. ಬಾಗಿಲಿನಲ್ಲಿ ಪಾದಗಳು ಕಚ್ಚಿಕೊಂಡವು.

ನಿಖಿತಾ ಕೇಳಿದ್ದು ಇದನ್ನೇ. ಕೊಟ್ಟಾಯಿತು. ಕ್ಯಾಮೆರಾದ ಕೆಂಪು ದೀಪ ಎಡಗಣ್ಣಿನ ಅಂಚಿನಲ್ಲಿ ಉರಿಯುತ್ತಿತ್ತು. ಎದುರಿಗೆ, ಎರಡು ಮೊಳ ದೂರದಲ್ಲಿ, ಜಟ್ಟೆಮ್ಮ ಹಚ್ಚಿಟ್ಟ ದೀಪ. ಅದರ ಬತ್ತಿ ಒಂದು ಕಡೆಗೆ ವಾಲಿ ಹೊಗೆ ಬಿಡುತ್ತಿತ್ತು. ಬೆರಳ ತುದಿಯಿಂದ ಬತ್ತಿಯನ್ನು ಮುಂದಕ್ಕೆ ನೂಕಬೇಕು, ಅಷ್ಟೇ. ದಿನವೂ ಮಾಡುವ ಕೆಲಸ. ಮೈ ಮುಂದಕ್ಕೆ ವಾಲಿತು, ಕಾಲು ಬರಲಿಲ್ಲ. ಬಿದ್ದುಬಿಡುತ್ತೇನೆ ಎನ್ನಿಸಿ ಚೌಕಟ್ಟಿಗೆ ಕೈ ಚಾಚಿದರೆ ಕೈ ಅಲ್ಲಿಗೆ ಮುಟ್ಟುವಷ್ಟರಲ್ಲಿ ಇನ್ನಷ್ಟು ನಡುಗಿತು. ಮುನಿವೆಂಕಟಮ್ಮ ಇದನ್ನು ನೋಡುತ್ತಾಳೆ. ಅಯ್ಯೋ ಎನ್ನುತ್ತಾಳೆ. ಇನ್ನು ಮೇಲೆ ಹೂವು ಅಳೆಯುವಾಗಲೆಲ್ಲ ಅಯ್ಯೋ ಎನ್ನುತ್ತಾಳೆ. ಬತ್ತಿ ಇನ್ನೂ ವಾಲಿತು.

"ತುಂಬಾ ಚೆನ್ನಾಗಿ ಬರ್ತಿದೆ," ಎಂಬ ನಿಖಿತಾಳ ಪಿಸುಮಾತು ಹಿಂದಿನಿಂದ ಕೇಳಿತು.

ಹನ್ನೊಂದು ವರ್ಷದಲ್ಲಿ ಒಂದು ದಿನವೂ ಎಳೆ ಮುಗಿಸದೆ ಕ್ಯಾಮೆರಾದ ಮುಂದಿನಿಂದ ಎದ್ದವಳಲ್ಲ ಸುಕನ್ಯ. ಬರೀ ಚುಕ್ಕಿಯಿಟ್ಟ ಅಂಗಳವನ್ನು ಅವಳು ಯಾರಿಗೂ ತೋರಿಸಿರಲಿಲ್ಲ.

"ಜಟ್ಟೆಮ್ಮಾ," ಎಂದಳು. ದನಿ ಹೊರಟದ್ದು ಅರ್ಧ.

ಜಟ್ಟೆಮ್ಮ ಆಗಲೇ ಎದ್ದಿದ್ದಳು. ನಿಖಿತಾ ಕೈ ಅಡ್ಡ ಹಿಡಿದು, "ಇನ್ನೂ ಸ್ವಲ್ಪ ಹೊತ್ತು, ಪ್ಲೀಸ್" ಎಂದಳು. ಜಟ್ಟೆಮ್ಮ ಆ ಕೈಯನ್ನು ಬಾಗಿಲ ಪರದೆಯ ಹಾಗೆ ಸರಿಸಿ, ಗೂಡಿನ ಕರಟಕ್ಕೆ ಕೈ ಹಾಕಿ, ಶೂಟಿಂಗಿನ ಬೆಳಕಿನ ನಟ್ಟನಡುವೆ ಕುಕ್ಕರಿಸಿದಳು. ಗೆರೆ ಎಂದಿಗಿಂತ ಸೊಟ್ಟಗೆ ಬಂತು.

"ಎತ್ರಿ ಅಕ್ಕಾರ."

ಸುಕನ್ಯ ದಾಟಿದಳು. ಮಣೆಯ ಮೇಲೆ ಕೂತು, ಮೂರು ಸಲ ತಪ್ಪಿ ನಾಲ್ಕನೆಯ ಸಲಕ್ಕೆ, ಬತ್ತಿಯನ್ನು ನೂಕಿ ನೇರ ಮಾಡಿದಳು.

ಪ್ರೇಮ್‌ಕುಮಾರ್ ಬಂದಾಗ ಲಿಖಿತ್ ಚಿಕ್ಕ ಪರದೆಯಲ್ಲಿ ಅದನ್ನೇ ತೋರಿಸುತ್ತಿದ್ದ. ನೋಡುತ್ತ ನೋಡುತ್ತ ಪ್ರೇಮ್‌ಕುಮಾರ್ ಹೆಗಲ ಮೇಲಿನ ಶಾಲಿನಿಂದ ಕಣ್ಣು ಒತ್ತಿಕೊಂಡ. ಅದು ನಟನೆಯಾಗಿರಲಿಲ್ಲ. ಬರಿಗಾಲಲ್ಲಿ ದೇವರ ಮನೆಯ ಬಾಗಿಲಿಗೆ ಬಂದು, ಗೆರೆಯ ಈಚೆಗೇ ನಿಂತ.

"ಅತ್ತೆ, ಇಷ್ಟು ಅಂತ ನನಗೂ ಗೊತ್ತಿರಲಿಲ್ಲ."

"ಈಗ ಗೊತ್ತಾಯ್ತಲ್ಲ. ಹಾಕಪ್ಪ ಇದನ್ನ."

ನಿಖಿತಾ ಹತ್ತಿರ ಬಂದಳು. "ನಲವತ್ತು ಸೆಕೆಂಡಿಗೇ ಇವರು ಫ್ರೇಮಿನೊಳಗೆ ಬಂದ್ಬಿಟ್ರು ಅಮ್ಮಾ. ನಮಗೆ ಬೇಕಾಗಿರೋದು ಒಂದೂವರೆ ನಿಮಿಷ, ನೀವೊಬ್ಬರೇ. ಕೊನೇಲಿ ನೀವು ನಿಂತಿರೋ ಹಾಗೇ ಸ್ಟಿಲ್ ಮಾಡಿ, ಅದರ ಮೇಲೆ ಪಕ್ಷದ ಗುರುತು ತರ್ತೀವಿ."

"ಪೂರ್ತಿ ಹಾಕು. ನಾನು ನಿಂತದ್ದು, ಇವಳನ್ನ ಕರೆದದ್ದು, ಇವಳು ಗೆರೆ ಎಳೆದದ್ದು, ದಾಟಿದ್ದು, ಎಲ್ಲ."

"ದಾಟಿದ್ದು ತೋರಿಸಿದ್ರೆ ನಾಳೆ ಅದನ್ನೇ ಹಿಡ್ಕೋತಾರೆ ಅತ್ತೆ," ಎಂದ ಪ್ರೇಮ್‌ಕುಮಾರ್. "ನೋಡಿ, ನಡೀತಾರೆ, ಏನಾಗಿದೆ ಇವರಿಗೆ ಅಂತಾರೆ. ನಂಗೋಸ್ಕರ ಬೇಡ. ಆ ಕೇಂದ್ರಕ್ಕೋಸ್ಕರ."

"ಕೇಂದ್ರಕ್ಕೋಸ್ಕರ ಕೆ.ಆರ್. ಪುರದ ಬೀದಿಬೀದಿಗೂ ಬರ್ತೀನಿ ಕಣೋ. ಮಾತ್ರೆ ಹಿಡಿದಿದ್ರೆ ರಂಗೋಲಿ ಹಾಕ್ತೀನಿ, ಹಿಡೀದಿದ್ರೆ ನಡುಗಿಕೊಂಡೇ ಕೈ ಮುಗೀತೀನಿ. ಯಾವಾಗ ಯಾವುದೋ, ಜನ ಎರಡೂ ನೋಡ್ಲಿ."

ನಿಖಿತಾ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. "ಒಂದೇ ಒಂದು ಸಲ ಅಮ್ಮಾ. ಇವರು ಗೆರೆ ಒರೆಸಿಬಿಡ್ಲಿ. ನೀವು ಅಲ್ಲಿಂದ ಬಂದು ಇಲ್ಲಿ ನಿಂತ್ರೆ ಸಾಕು. ಮುಗಿದ ತಕ್ಷಣ ಮಾತ್ರೆ."

ಜಟ್ಟೆಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಒಂದು ಕೈಯಲ್ಲಿ ಒದ್ದೆ ಬಟ್ಟೆಯಿತ್ತು. ಇನ್ನೊಂದು ಕೈಯಲ್ಲಿ, ಸೊಂಟದಿಂದ ಯಾವಾಗ ತೆಗೆದಳೋ, ಡಬ್ಬಿ. ಯಾವ ಕೈ ಮುಂದೆ ಮಾಡಲಿ ಎನ್ನುವ ಹಾಗೆ ಸುಕನ್ಯಳನ್ನು ನೋಡಿದಳು. ಸುಕನ್ಯ ಬಾಯಿ ತೆರೆದಳು, ಚಿಕ್ಕ ಮಗು ತೆರೆದ ಹಾಗೆ. ಜಟ್ಟೆಮ್ಮ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ಪಂಚಪಾತ್ರೆಯಿಂದ ಮೂರು ಉದ್ಧರಣೆ ನೀರು ಹಾಕಿದಳು. ಅದು ಗಂಟಲಿನಿಂದ ಇಳಿಯುವವರೆಗೆ ಎಲ್ಲರೂ ಕಾದರು.

"ನಿಲ್ತೀರಲ್ಲ ಅತ್ತೆ?" ಎಂದ ಪ್ರೇಮ್‌ಕುಮಾರ್.

"ಇಲ್ಲ. ನಿಲ್ಲಲ್ಲ."

ಮಡಿಲಲ್ಲಿದ್ದ ಬಲಗೈ, ಯಾರ ಕಣ್ಣಿಗೂ ಕಾಣದ ಪುಡಿಯನ್ನು, ಎಳೆ ಎಲ್ಲೂ ಕಡಿಯದ ಹಾಗೆ ಬಿಡುತ್ತಲೇ ಇತ್ತು.